ಕಿಟ್ ಲೆನ್ಸ್ ಬಿಚ್ಚದವರ ಎಸ್‌ಎಲ್‌ಆರ್

ಶಹಾಪುರ ಸೀಮೆಯ ಭೀಮರಾಯನಗುಡಿ ಊರಿಗಿಂತ ಹೆಚ್ಚಾಗಿ ಕಾಲೊನಿ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳು, ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ), ಕೃಷಿ ಮಹಾವಿದ್ಯಾಲಯ, ಕ್ವಾರ್ಟರ್ಸ್ ಸಾಲುಗಳು. ಸಂಬಳದ ಜನ, ಓದುವ ಹುಡುಗರು ಇರುವ ಇಂಥ ಕಡೆ ಓಣಿಗೊಂದಾದರೂ ಎಸ್‌ಎಲ್‌ಆರ್ ಇದ್ದೇ ಇರುತ್ತದೆ. ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಕೊಂಡದ್ದು, ಇಲ್ಲವೇ ತಂಗಿಯ ಮದುವೆಗೆಂದು ತಂದದ್ದು. ಬಹುಪಾಲು ಕಾಲ ಅದು ಬೀರುವಿನಲ್ಲೇ ಇರುತ್ತದೆ. ಹೊರಗೆ ಬಂದಾಗ ಗಮನಿಸಿ: ಅಂಗಡಿಯವನು ಪೆಟ್ಟಿಗೆಯಲ್ಲಿ ಕೊಟ್ಟ 18–55 ಮಿ.ಮೀ. ಕಿಟ್ ಲೆನ್ಸ್ ಹಾಕಿದ ದಿನ ಹೇಗಿತ್ತೋ ಹಾಗೇ ಕೂತಿರುತ್ತದೆ. ಎಸ್‌ಎಲ್‌ಆರ್‌ಗೆ ಹೆಚ್ಚಿಗೆ ದುಡ್ಡು ಕೊಟ್ಟು, ಹೆಚ್ಚಿಗೆ ಭಾರ ಹೊರುವುದಕ್ಕೆ ಮುಖ್ಯ ಕಾರಣ ಲೆನ್ಸ್ ಬದಲಿಸಬಹುದು ಎನ್ನುವುದು. ಅದನ್ನು ಒಮ್ಮೆಯೂ ಬಿಚ್ಚದವರು, ನನ್ನ ಲೆಕ್ಕದಲ್ಲಿ, ದೊಡ್ಡದೊಂದು ಕಾಂಪ್ಯಾಕ್ಟ್ ಕ್ಯಾಮೆರಾ ಕೊಂಡವರು.

ಹಾಗಿದ್ದರೆ ಚಿಕ್ಕದನ್ನೇ ಯಾಕೆ ಕೊಳ್ಳಬಾರದು? ಕೇಳಿದರೆ ಮೊದಲು ಬರುವ ಉತ್ತರ ಫೋಟೊಗೆ ಸಂಬಂಧಿಸಿದ್ದಲ್ಲ. ‘ಸಣ್ಣ ಕ್ಯಾಮೆರಾ ಹಿಡ್ಕೊಂಡ್ ಹೋದ್ರ ಯಾರ್ ಕೇಳ್ತಾರ್ರೀ, ಮೊಬೈಲ್‌ನಾಗೇ ಚಲೋ ಬರ್ತದ ಅಂತಾರ’ ಎನ್ನುತ್ತಾರೆ. ಕೊರಳಲ್ಲಿ ಎಸ್‌ಎಲ್‌ಆರ್ ನೇತಾಡುತ್ತಿದ್ದರೆ ಮದುವೆ ಮಂಟಪದಲ್ಲಿ ದಾರಿ ಬಿಡುತ್ತಾರೆ, ಅದು ನಿಜ. ಆ ಗತ್ತಿಗೆ ಬೆಲೆ ಕಟ್ಟುವುದು ನನ್ನ ಕೆಲಸವಲ್ಲ. ಎರಡನೆಯ ಉತ್ತರ, ‘ಸಣ್ಣದರಲ್ಲಿ ಕ್ವಾಲಿಟಿ ಬರಲ್ಲ’ ಎನ್ನುವುದು, ಪರೀಕ್ಷಿಸಬೇಕಾದ ಮಾತು.

ಒಂದು ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಹದಿನೈದು ವರ್ಷದ ಹಿಂದಿನ ಸಾಮಾನ್ಯ ಕಾಂಪ್ಯಾಕ್ಟುಗಳ ಸೆನ್ಸರ್ ಸುಮಾರು 6.2 × 4.6 ಮಿ.ಮೀ. ಇರುತ್ತಿತ್ತು. ಹೊತ್ತು ಮುಳುಗಿದ ಮೇಲೆ ಅದರಲ್ಲಿ ತೆಗೆದ ಮುಖ ಅಂದರೆ ಬಣ್ಣದ ರವೆ. 2012ರಲ್ಲಿ ಸೋನಿ ಆರ್‌ಎಕ್ಸ್100 ಬಂದು ಲೆಕ್ಕ ಬದಲಿಸಿತು. ಅಂಗಿ ಜೇಬಿನಲ್ಲಿ ಕೂರುವ ಡಬ್ಬಿಯೊಳಗೆ ‘ಒಂದು ಇಂಚು’ ಎಂದು ಕರೆಯುವ 13.2 × 8.8 ಮಿ.ಮೀ. ಸೆನ್ಸರ್ ಇಟ್ಟರು. (ಅಳೆದರೆ ಎಲ್ಲೂ ಒಂದು ಇಂಚು ಸಿಗುವುದಿಲ್ಲ, ಹಳೆಯ ಟೆಲಿವಿಷನ್ ಕ್ಯಾಮೆರಾ ಟ್ಯೂಬುಗಳ ಕಾಲದ ಅಳತೆ ಅದು, ವ್ಯಾಪಾರಕ್ಕೆ ಅನುಕೂಲವೆಂದು ಉಳಿದಿದೆ.) ಹಿಂದಿನದಕ್ಕಿಂತ ನಾಲ್ಕು ಪಟ್ಟು ದೊಡ್ಡ ಜಾಗ. 2014ರಲ್ಲಿ ಕ್ಯಾನನ್ ಜಿ7 ಎಕ್ಸ್ ಅದೇ ಅಳತೆಯ ಸೆನ್ಸರ್ ಹೊತ್ತು ಬಂತು, ಪ್ಯಾನಾಸೋನಿಕ್ ಎಲ್‌ಎಕ್ಸ್100 ಇನ್ನೂ ದೊಡ್ಡದನ್ನು ತಂದಿತು. ಫ್ಯೂಜಿ ಎಕ್ಸ್100 (2011), ರಿಕೋ ಜಿಆರ್ (2013) ಎರಡೂ ಸಾಮಾನ್ಯ ಎಸ್‌ಎಲ್‌ಆರ್‌ನಷ್ಟೇ ದೊಡ್ಡ ಸೆನ್ಸರ್ ಇಟ್ಟುಕೊಂಡು, ಝೂಮ್ ಬಿಟ್ಟುಕೊಟ್ಟವು.

ಈಗ ಲೆಕ್ಕ. ನಮ್ಮ ಕಡೆ ಹೆಚ್ಚು ಕಾಣುವ ದರ್ಜೆಯ ಎಸ್‌ಎಲ್‌ಆರ್ ಎಂದು ನಿಕಾನ್ ಡಿ3500 ತೆಗೆದುಕೊಳ್ಳೋಣ. ಸೆನ್ಸರ್ 23.5 × 15.6 ಮಿ.ಮೀ., ಅಂದರೆ ಒಂದು ಇಂಚಿನದಕ್ಕಿಂತ ಮೂರು ಪಟ್ಟಿಗೂ ತುಸು ಹೆಚ್ಚು. ಎದುರಿಗೆ 2014ರ ಆರ್‌ಎಕ್ಸ್100ರ ಮೂರನೆಯ ಮಾದರಿ. ಅದರ ಲೆನ್ಸ್ ವೈಡ್‌ನಲ್ಲಿ ಎಫ್ 1.8, ಪೂರ್ತಿ ಝೂಮ್ ಮಾಡಿದಾಗ ಎಫ್ 2.8. ಕಿಟ್ ಲೆನ್ಸು ವೈಡ್‌ನಲ್ಲಿ ಎಫ್ 3.5, ಕೊನೆಗೆ ಎಫ್ 5.6. ಎಫ್ ಸಂಖ್ಯೆ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ಸೆನ್ಸರಿನ ಒಂದೊಂದು ಚದರ ಮಿ.ಮೀ. ಮೇಲೆ ಕಾಂಪ್ಯಾಕ್ಟಿನ ಲೆನ್ಸ್ ಸುಮಾರು ನಾಲ್ಕು ಪಟ್ಟು ಬೆಳಕು ಸುರಿಯುತ್ತದೆ; ಜಾಗ ಮೂರರಲ್ಲೊಂದು ಪಾಲು ಇದ್ದರೂ ಒಟ್ಟು ಬೆಳಕಿನಲ್ಲಿ ಕೂದಲೆಳೆ ಮುಂದೆಯೇ ಇರುತ್ತದೆ. ಮಂದ ಬೆಳಕಿನಲ್ಲಿ ಚಿತ್ರ ಎಷ್ಟು ಶುಭ್ರ, ಹಿನ್ನೆಲೆ ಎಷ್ಟು ಮಸುಕು ಎನ್ನುವುದನ್ನು ತೀರ್ಮಾನಿಸುವುದು ಈ ಒಟ್ಟು ಲೆಕ್ಕವೇ. ಎಸ್‌ಎಲ್‌ಆರ್ ಬಾಡಿ, ಬ್ಯಾಟರಿ, ಲೆನ್ಸ್ ಕೂಡಿ 620 ಗ್ರಾಂ. ಕಾಂಪ್ಯಾಕ್ಟು 290 ಗ್ರಾಂ. ಹೆಚ್ಚಿನ 330 ಗ್ರಾಂ ಹೊತ್ತದ್ದಕ್ಕೆ ಸಂಜೆಯ ಚಿತ್ರದಲ್ಲಿ ಸಿಕ್ಕಿದ್ದು ಏನೂ ಇಲ್ಲ.

ಆದರೆ ಈ ಲೆಕ್ಕಕ್ಕೆ ಎರಡು ತಿದ್ದುಪಡಿ ಬೇಕು. ಬೆಳಕು ಧಾರಾಳವಾಗಿರುವಾಗ, ಕಡಿಮೆ ಐಎಸ್‌ಒದಲ್ಲಿ, ದೊಡ್ಡ ಸೆನ್ಸರ್ ಹೆಚ್ಚು ಬೆಳಕನ್ನು ತುಂಬಿಟ್ಟುಕೊಳ್ಳಬಲ್ಲದು. ಬಿಳಿ ಧೋತರ ಸುಟ್ಟುಹೋಗದಂತೆ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ನೆರಳು ಎತ್ತುವ ಅಭ್ಯಾಸವಿದ್ದವರಿಗೆ ಅಲ್ಲಿ ಎಸ್‌ಎಲ್‌ಆರ್ ಒಂದು ಕೈ ಮೇಲೆ. ಎರಡನೆಯದು ಮುಖ್ಯ. 200 ಗ್ರಾಂ ತೂಗುವ 35 ಮಿ.ಮೀ. ಎಫ್ 1.8 ಲೆನ್ಸೊಂದನ್ನು ನಿಕಾನ್ 2009ರಲ್ಲೇ ತಂದಿದೆ. ಕಿಟ್ ಲೆನ್ಸ್ ಬಿಚ್ಚಿ ಅದನ್ನು ತಿರುಗಿಸಿ ಕೂರಿಸಿದ ಕ್ಷಣಕ್ಕೆ ಮೇಲಿನ ಲೆಕ್ಕ ಬುಡಮೇಲು: ಅದೇ ನೋಟಕ್ಕೆ ಝೂಮ್ ಮಾಡಿದಾಗ ಕಾಂಪ್ಯಾಕ್ಟು ಎಫ್ 2.8ಕ್ಕೆ ಇಳಿದಿರುತ್ತದೆ, ಎಸ್‌ಎಲ್‌ಆರ್‌ಗೆ ಅದರ ಏಳೂವರೆ ಪಟ್ಟು ಬೆಳಕು. ಒಂದೇ ಒಂದು ಲೆನ್ಸಿನಿಂದ ಆದ ವ್ಯತ್ಯಾಸ ಇದು. ಆದ್ದರಿಂದ ಎಸ್‌ಎಲ್‌ಆರ್ ಬೇಕೇ ಎಂದು ಕೇಳಿಕೊಂಡು ಬರುವವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ಎರಡನೆಯ ಲೆನ್ಸ್ ಯಾವುದು? ಹೆಸರು ಹೇಳಲಾಗದಿದ್ದರೆ ಕಾಂಪ್ಯಾಕ್ಟ್ ನೋಡಿ.

ಇಷ್ಟಾದರೂ ಇದು ಕಾಗದದ ಮೇಲಿನ ತೀರ್ಮಾನ. ಶಹಾಪುರ ಸೀಮೆಯ ಬಿಸಿಲಿಗೂ ಧೂಳಿಗೂ ಈ ಲೆಕ್ಕ ಗೊತ್ತಿಲ್ಲ.

ಮೊದಲು ಬಿಸಿಲು. ಮಾರ್ಚ್ ದಾಟಿದ ಮೇಲೆ ಹನ್ನೊಂದು ಗಂಟೆಗೆ ಕಾಲುವೆ ದಂಡೆಯ ಮೇಲೆ ನಿಂತು ಕ್ಯಾಮೆರಾದ ಹಿಂದಿನ ಪರದೆ ನೋಡಿ. ನಿಮ್ಮದೇ ಅಂಗಿಯ ಪ್ರತಿಬಿಂಬ ಕಾಣುತ್ತದೆ, ಚಿತ್ರ ಕಾಣುವುದಿಲ್ಲ. ಕಣ್ಣಿಗೆ ಒತ್ತಿ ಹಿಡಿಯುವ ಕಿಂಡಿ ಇಲ್ಲದ ಕ್ಯಾಮೆರಾ ನಮ್ಮ ಬೇಸಿಗೆಯಲ್ಲಿ ಅಂದಾಜಿನ ಮೇಲೆ ನಡೆಯುವ ವ್ಯವಹಾರ. ಜಿ7 ಎಕ್ಸ್ ಎಷ್ಟೇ ಚೆಂದವಿದ್ದರೂ ಅದರಲ್ಲಿ ಈ ಕಿಂಡಿ ಇಲ್ಲ. ರಿಕೋ ಜಿಆರ್‌ನಲ್ಲೂ ಇಲ್ಲ. ಆರ್‌ಎಕ್ಸ್100ರ ಮೂರನೆಯ ಮಾದರಿಯಲ್ಲಿ ಮೂಲೆಯಿಂದ ಪುಟಿದು ಬರುವ ಪುಟ್ಟ ಎಲೆಕ್ಟ್ರಾನಿಕ್ ಕಿಂಡಿ ಇದೆ. ಅಕ್ಕಿಕಾಳಿನಷ್ಟು ಅನ್ನಿಸಿದರೂ ಬಿಸಿಲಲ್ಲಿ ಅದೇ ಗತಿ. ಎಸ್‌ಎಲ್‌ಆರ್‌ನ ಕನ್ನಡಿ-ಗಾಜಿನ ಕಿಂಡಿಗೆ ಇಲ್ಲಿ ಸಾಟಿ ಇಲ್ಲವೆಂದು ಒಪ್ಪಲೇಬೇಕು: ಬ್ಯಾಟರಿ ತಿನ್ನದೆ, ಮಂಕಾಗದೆ, ಕಂಡದ್ದನ್ನು ಕಂಡ ಹಾಗೆ ತೋರಿಸುತ್ತದೆ.

ಅದೇ ಬಿಸಿಲಿನಲ್ಲಿ ಕಾಂಪ್ಯಾಕ್ಟು ಒಂದು ಆಟದಲ್ಲಿ ಮಾತ್ರ ಎಸ್‌ಎಲ್‌ಆರ್‌ನ್ನು ಸಲೀಸಾಗಿ ಸೋಲಿಸುತ್ತದೆ. ಇದು ಅಂಗಡಿಯಲ್ಲಿ ಯಾರೂ ಹೇಳದ ಗುಣ, ಹಾಗಾಗಿ ತುಸು ಬಿಡಿಸಿ ಹೇಳುತ್ತೇನೆ. ನಡು ಮಧ್ಯಾಹ್ನ, ಹೊಲದ ಬದುವಿನಲ್ಲಿ ಬಿಳಿ ರುಮಾಲು ಸುತ್ತಿದ ರೈತರೊಬ್ಬರು ನಿಂತಿದ್ದಾರೆ. ಸೂರ್ಯ ನೆತ್ತಿಯ ಮೇಲೆ. ರುಮಾಲು ಹೊಳೆಯುತ್ತದೆ; ಕೆಳಗೆ ಕಣ್ಣಿನ ಗುಳಿ, ಮೂಗಿನ ಅಡಿ, ಗಲ್ಲ ಎಲ್ಲ ಕಪ್ಪು. ಮುಖಕ್ಕೆ ತುಸು ಫ್ಲ್ಯಾಶ್ ಹೊಡೆದರೆ ಸರಿಹೋಗುತ್ತದೆ. ಆದರೆ ಎಸ್‌ಎಲ್‌ಆರ್‌ನ ಶಟರ್ ಎರಡು ಪರದೆಗಳು ಒಂದರ ಹಿಂದೊಂದು ಓಡುವ ವ್ಯವಸ್ಥೆ. ಡಿ3500ರಲ್ಲಿ ಫ್ಲ್ಯಾಶ್ ಬಳಸುವಾಗ ಸೆಕೆಂಡಿನ 200ನೇ ಒಂದು ಭಾಗಕ್ಕಿಂತ ವೇಗವಾಗಿ ಹೋಗುವಂತಿಲ್ಲ, ಹೋದರೆ ಸೆನ್ಸರ್ ಯಾವ ಗಳಿಗೆಯಲ್ಲೂ ಪೂರ್ತಿ ತೆರೆದಿರುವುದಿಲ್ಲ. ಅಷ್ಟು ನಿಧಾನವಾದರೆ ಆ ಬಿಸಿಲಿಗೆ ಅಪರ್ಚರನ್ನು ಎಫ್ 11ಕ್ಕೆ ಮುಚ್ಚಬೇಕು. ಮುಚ್ಚಿದರೆ ಕ್ಯಾಮೆರಾದ ಸ್ವಂತ ಪುಟ್ಟ ಫ್ಲ್ಯಾಶು ಎರಡಡಿ ಆಚೆ ತಲುಪುವುದಿಲ್ಲ. ಕಾಂಪ್ಯಾಕ್ಟಿನ ಶಟರ್ ಲೆನ್ಸಿನೊಳಗೇ ಹೂವಿನ ಎಸಳಿನಂತೆ ಬಿಚ್ಚಿ ಮುಚ್ಚಿಕೊಳ್ಳುವಂಥದ್ದು. ಸೆಕೆಂಡಿನ 2000ನೇ ಒಂದು ಭಾಗದಲ್ಲೂ ಫ್ಲ್ಯಾಶ್ ಹೊಂದುತ್ತದೆ, ಎಫ್ 4ರಲ್ಲಿ ತೆಗೆಯಬಹುದು, ಅದರ ಬಡ ಫ್ಲ್ಯಾಶೇ ನಾಲ್ಕಡಿ ದೂರದ ಮುಖಕ್ಕೆ ಸಾಕಾಗುತ್ತದೆ. ರುಮಾಲಿನ ಮಡಿಕೆಯೂ ಉಳಿಯುತ್ತದೆ, ಅದರ ಅಡಿಯ ಕಣ್ಣೂ ಕಾಣುತ್ತದೆ. ಎಸ್‌ಎಲ್‌ಆರ್‌ನಲ್ಲಿ ಇದನ್ನು ಮಾಡಬೇಕೆಂದರೆ ಮೇಲೊಂದು ದೊಡ್ಡ ಫ್ಲ್ಯಾಶ್ ಏರಿಸಬೇಕು. ಕಾಂಪ್ಯಾಕ್ಟಿನ ಶಟರಿಗೆ ಸದ್ದೂ ಇಲ್ಲವೆನ್ನುವಷ್ಟು ಕಡಿಮೆ. ಎದುರಿನವರು ಮಾತು ನಿಲ್ಲಿಸಿ ಸೆಟೆದು ನಿಲ್ಲುವುದಿಲ್ಲ.

ಇನ್ನು ಮೊಬೈಲ್. ಕಾಲುವೆಯ ಲೈನಿಂಗ್ ಬಿರುಕು, ಬಿಲ್ಲಿಗೆ ಹಚ್ಚುವ ಕಾಮಗಾರಿ ಚಿತ್ರ, ಇವುಗಳಿಗೆ ಕ್ಯಾಮೆರಾ ಕೊಳ್ಳುವುದೇ ದಂಡ. ಜಿಪಿಎಸ್ ಸಮೇತ ದಿನಾಂಕ ಒತ್ತುವ ಮೊಬೈಲ್ ಸಾಕು. ಆದರೆ ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ಅದೇ ಮೊಬೈಲಿನಲ್ಲಿ ತೆಗೆದು ನೋಡಿ. ರಸ್ತೆಯಲ್ಲಿ ನಿಂತವರ ಕಣ್ಣಿಗೆ ಹಣೆ, ಮೂಗು, ಎದೆ ಎಂದು ಬಿಡಿಸಿ ಕಾಣುವ ಬೆಟ್ಟದ ಸಾಲು, ಮೊಬೈಲಿನ ವೈಡ್ ಲೆನ್ಸಿನಲ್ಲಿ ಆಕಾಶಕ್ಕೂ ರಸ್ತೆಗೂ ನಡುವೆ ಎಳೆದ ಗೀಟಾಗಿಬಿಡುತ್ತದೆ. ಅದಕ್ಕೆ 70ರಿಂದ 100 ಮಿ.ಮೀ. ನೋಟ ಬೇಕು, ಬೆಳಗಿನ ಮಬ್ಬಿನಲ್ಲೂ ಅಂಚು ಹಿಡಿಯುವ ಗಾಜು ಬೇಕು. ಬೆರಳಲ್ಲಿ ಹಿಗ್ಗಿಸಿದರೆ ಬೆಟ್ಟ ಹಿಗ್ಗುತ್ತದೆ, ಕಲ್ಲಿನ ವಿವರ ಎಲ್ಲಿಂದ ಬರಬೇಕು?

ಧೂಳಿನ ವಿಷಯಕ್ಕೆ ಬಂದರೆ ನನ್ನ ಒಲವು ಅಲುಗಾಡುತ್ತದೆ. ಲೆನ್ಸ್ ಬಿಚ್ಚಲಾಗದ ಕ್ಯಾಮೆರಾಕ್ಕೆ ಧೂಳು ಹೋಗುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಆದರೆ ಜೇಬಿನ ಕಾಂಪ್ಯಾಕ್ಟುಗಳ ಲೆನ್ಸು ಆನ್ ಮಾಡಿದಾಗ ಹೊರಚಾಚಿ, ಆಫ್ ಮಾಡಿದಾಗ ಒಳಸರಿಯುವಂಥದ್ದು. ಪ್ರತಿ ಸಲವೂ ಅದು ಪಿಚಕಾರಿಯ ಹಾಗೆ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಅದರಲ್ಲಿದ್ದದ್ದನ್ನೂ. ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರದ ಜಾತ್ರೆಯಲ್ಲಿ ಮೈಲಾರಲಿಂಗನ ಮೇಲೆ ಭಂಡಾರ ಎರಚುವಾಗ ಗುಡ್ಡವೇ ಹಳದಿಯಾಗುತ್ತದೆ. ಅರಿಶಿನದ ಆ ಹುಡಿ ನುಣುಪು, ಮೇಲಾಗಿ ಜಿಡ್ಡು. ಬ್ಯಾರಲ್ಲಿನ ಸಂದಿಯಲ್ಲಿ ಸಣ್ಣ ಹಳದಿ ಉಂಗುರವಾಗಿ ಕೂತು, ಮುಂದಿನ ಸಲ ಲೆನ್ಸ್ ಒಳಸರಿಯುವಾಗ ಜೊತೆಗೇ ಒಳನಡೆಯುತ್ತದೆ. ತೊಗರಿ ರಾಶಿಯ ಹೊಟ್ಟಿನದೂ ಇದೇ ಕತೆ. ಎಸ್‌ಎಲ್‌ಆರ್ ಆದರೆ ಮನೆಗೆ ಬಂದು ಲೆನ್ಸ್ ಬಿಚ್ಚಿ, ಕನ್ನಡಿ ಎತ್ತಿ, ರಬ್ಬರ್ ಬ್ಲೋವರ್‌ನಲ್ಲಿ ಊದಿ ಮುಗಿಸಬಹುದು. ಕಾಂಪ್ಯಾಕ್ಟಿನೊಳಗೆ ಒಂದು ಕಣ ಸೆನ್ಸರಿನ ಮೇಲೆ ಕೂತರೆ ಅದನ್ನು ತೆಗೆಯಲು ಇಡೀ ಕ್ಯಾಮೆರಾ ಬಿಚ್ಚಬೇಕು; ಬಿಚ್ಚಬಲ್ಲವರು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ರಿಕೋ ಜಿಆರ್ ಬಗ್ಗೆ ಜಗತ್ತಿನಾದ್ಯಂತ ಇರುವ ದೂರು ಇದೇ. ಅದರ ಚಿತ್ರದ ಹರಿತಕ್ಕೆ ಮನಸೋತವನಾಗಿಯೂ ಇಲ್ಲಿಯವರಿಗೆ ಅದನ್ನು ಕೊಳ್ಳಿ ಎನ್ನಲು ನನಗೆ ಧೈರ್ಯ ಸಾಲದು.

ಕೃಷಿ ಕಾಲೇಜಿನ ಹುಡುಗರ ಅಗತ್ಯವೇ ಬೇರೆ. ತೊಗರಿಯ ಕಾಯಿಕೊರಕ, ಹತ್ತಿಯ ಗುಲಾಬಿ ಕಾಯಿಕೊರಕ, ಎಲೆಯಡಿಯ ಥ್ರಿಪ್ಸ್: ಕೀಡಿಯ ಮುಖ ಕಾಣುವಂತೆ ತೆಗೆಯಬೇಕು. ಇಲ್ಲಿ ಒಂದು ಇಂಚಿನ ಕಾಂಪ್ಯಾಕ್ಟು ಬಡಾಯಿಯಷ್ಟಿಲ್ಲ. ‘5 ಸೆಂ.ಮೀ. ಹತ್ತಿರಕ್ಕೆ ಫೋಕಸ್’ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದು ವೈಡ್‌ನಲ್ಲಿ ಮಾತ್ರ ನಿಜ. ಅಷ್ಟು ಹತ್ತಿರ ಹೋದರೆ ಕ್ಯಾಮೆರಾದ ನೆರಳೇ ಹುಳದ ಮೇಲೆ ಬೀಳುತ್ತದೆ. ಝೂಮ್ ಮಾಡಿದರೆ 30 ಸೆಂ.ಮೀ. ಹಿಂದೆ ಸರಿಯಬೇಕು. ನಾನು ಇಷ್ಟು ಹೊತ್ತು ಬೈದ ಕಿಟ್ ಲೆನ್ಸೇ ಈ ಕೆಲಸದಲ್ಲಿ ವಾಸಿ: 55 ಮಿ.ಮೀ.ನಲ್ಲಿ, 25 ಸೆಂ.ಮೀ. ದೂರದಿಂದ, ಸೆನ್ಸರಿನ ಅಡ್ಡಗಲಕ್ಕೆ ಆರು ಸೆಂ.ಮೀ. ಜಾಗ ತುಂಬಿಕೊಡುತ್ತದೆ. ಇವೆರಡಕ್ಕಿಂತ ಒಳ್ಳೆಯದು ಯಾರೂ ಗಂಭೀರವಾಗಿ ಎಣಿಸದ ಮೂರನೆಯದು, ಒಲಿಂಪಸ್‌ನ ಟಿಜಿ ಸಾಲು. 2019ರ ಟಿಜಿ-6 ಆಗಲಿ, ಓಎಂ ಸಿಸ್ಟಮ್ ಹೆಸರಲ್ಲಿ 2023ರಲ್ಲಿ ಬಂದ ಟಿಜಿ-7 ಆಗಲಿ, ಸೆನ್ಸರ್ ಹಳೆಯ ಸಣ್ಣ ಅಳತೆಯದೇ. ಸಂಜೆಯ ಮದುವೆಗೆ ಅದು ಕೆಲಸಕ್ಕೆ ಬಾರದು. ಆದರೆ ಲೆನ್ಸ್ ಹೊರಚಾಚುವುದಿಲ್ಲ, ಗಾಜಿನ ಹಿಂದೆಯೇ ಝೂಮ್ ಆಗುತ್ತದೆ. ಧೂಳು ಹೋಗದು, 15 ಮೀಟರ್ ನೀರಿನಾಳದವರೆಗೂ ಜಗ್ಗದು. ಮೈಕ್ರೋಸ್ಕೋಪ್ ಮೋಡಿನಲ್ಲಿ ಪೂರ್ತಿ ಝೂಮ್ ಮಾಡಿಯೂ ಒಂದು ಸೆಂ.ಮೀ. ಹತ್ತಿರ ಹೋಗಬಹುದು; ಲೆನ್ಸಿನ ಸುತ್ತ ಬೆಳಕು ಹರಡುವ ಬಳೆಯೊಂದನ್ನು ಸಿಕ್ಕಿಸಿದರೆ ನೆರಳಿನ ತಕರಾರೂ ಇಲ್ಲ. ಹಲವು ಫೋಕಸ್ಸುಗಳನ್ನು ತಾನೇ ತೆಗೆದು ಒಂದಾಗಿ ಜೋಡಿಸುತ್ತದೆ. ಭತ್ತದ ಗದ್ದೆಯ ಕೆಸರಲ್ಲಿ ಬಿದ್ದರೆ ನಳದಡಿ ಹಿಡಿದು ತೊಳೆಯಬಹುದು. ‘ಅಡ್ವಾನ್ಸ್ಡ್ ಕಾಂಪ್ಯಾಕ್ಟ್’ ಎಂಬ ಪಟ್ಟ ಇದಕ್ಕೆ ಯಾರೂ ಕಟ್ಟುವುದಿಲ್ಲ, ಈ ನೆಲಕ್ಕೆ ಹೊಂದುವ ಸಣ್ಣ ಕ್ಯಾಮೆರಾ ಎಂದರೆ ನಾನು ಮೊದಲು ತೋರಿಸುವುದು ಇದನ್ನೇ.

ಹಕ್ಕಿಗಳ ಹುಚ್ಚು ಹಿಡಿದವರು ಬೋನಾಳಕ್ಕೆ ಹೋಗುತ್ತಾರೆ. ಸುರಪುರ ತಾಲ್ಲೂಕಿನ ಆ ಕೆರೆಯಲ್ಲಿ ಕೊಕ್ಕರೆ, ಬಕ, ಚಳಿಗಾಲಕ್ಕೆ ಬರುವ ಹೆಬ್ಬಾತು ನೋಡಲು ಸಿಗುತ್ತವೆ, ದಂಡೆಯಿಂದ ದೂರದಲ್ಲಿ. ಇಲ್ಲಿ ಮಾರಾಟಗಾರರ ಅಂಕಿಗಳ ಜಾತ್ರೆ. 2015ರ ನಿಕಾನ್ ಪಿ900, 83 ಪಟ್ಟು ಝೂಮ್, 2000 ಮಿ.ಮೀ.ಗೆ ಸಮ ಎಂದು ಹೆಸರು ಮಾಡಿತು. ಅದರ ಲೆನ್ಸಿನ ನಿಜವಾದ ಉದ್ದ 357 ಮಿ.ಮೀ., ಕೊನೆಯಲ್ಲಿ ಎಫ್ 6.5, ಸೆನ್ಸರ್ ಹಳೆಯ ಚಿಕ್ಕದು, ರಾ ಫೈಲ್ ಇಲ್ಲ. ಚಂದ್ರನನ್ನು ತೆಗೆದು ಊರವರಿಗೆ ತೋರಿಸಲು ಅದಕ್ಕಿಂತ ಮೋಜಿನದಿಲ್ಲ. ಆದರೆ ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ ಕೆರೆಯ ನೀರಿನ ಮೇಲೆ ಬಿಸಿ ಗಾಳಿ ಕುದಿಯತೊಡಗಿದರೆ 2000 ಮಿ.ಮೀ. ತೋರಿಸುವುದು ಆ ಕುದಿತವನ್ನೇ; ಬಕದ ಕೊರಳು ಅಲೆಅಲೆಯಾಗಿ ಬರುತ್ತದೆ. 400 ಮಿ.ಮೀ.ಗೆ ಸಮನಾದ, ಕೊನೆಯಲ್ಲೂ ಎಫ್ 4 ಇರುವ, ಒಂದು ಇಂಚಿನ ಸೆನ್ಸರಿನ ಪ್ಯಾನಾಸೋನಿಕ್ ಎಫ್‌ಝಡ್1000 (2014) ನಸುಕಿಗೇ ಹೋಗುವವರಿಗೆ ಹೆಚ್ಚು ಪ್ರಾಮಾಣಿಕ ಸಂಗಾತಿ. ತೂಕ ಎಂಟುನೂರು ಗ್ರಾಂ ದಾಟುತ್ತದೆ, ಹಾಗಾಗಿ ಕಾಂಪ್ಯಾಕ್ಟ್ ಎನ್ನುವುದು ಬರೀ ಹೆಸರಿಗೆ. ಹಾರುವ ಹಕ್ಕಿ ಬೇಕೆಂದರೆ ಎಸ್‌ಎಲ್‌ಆರ್ ಮತ್ತು ಉದ್ದನೆಯ ಲೆನ್ಸ್. ಆಗ ‘ಎರಡನೆಯ ಲೆನ್ಸ್ ಯಾವುದು’ ಎಂಬ ನನ್ನ ಪ್ರಶ್ನೆಗೆ ಅವರಲ್ಲಿ ಉತ್ತರವಿರುತ್ತದೆ.

ಬೋನಾಳ ಎಂದ ಕೂಡಲೇ ಸುರಪುರದ ಮೆಡೋಸ್ ಟೇಲರ್ ನೆನಪಾಗುತ್ತಾನೆ. 1840ರ ದಶಕದಲ್ಲಿ ಸುರಪುರ ಸಂಸ್ಥಾನಕ್ಕೆ ಬ್ರಿಟಿಷ್ ಅಧಿಕಾರಿಯಾಗಿ ಬಂದವನು ಈ ಸೀಮೆಯ ಶಿಲಾ ಸಮಾಧಿಗಳನ್ನು ಅಳೆದು, ಕೈಯಿಂದಲೇ ಚಿತ್ರ ಬರೆದು ದಾಖಲಿಸಿದ. ಅದೇ ಟೇಲರ್ 1866ರಲ್ಲಿ ಪ್ರಕಟವಾದ ಬಿಜಾಪುರದ ಕಟ್ಟಡಗಳ ಫೋಟೊ ಗ್ರಂಥಕ್ಕೆ ಚರಿತ್ರೆಯ ಭಾಗ ಬರೆದವನೂ ಹೌದು. ಆ ಫೋಟೊಗಳಲ್ಲಿ ಕೆಲವನ್ನು ಸ್ಥಳದಲ್ಲೇ ತೆಗೆದ ಕರ್ನಲ್ ಬಿಗ್ಸ್‌ನಂಥವರಿಗೆ ಮರದ ಪೆಟ್ಟಿಗೆ, ಮುಕ್ಕಾಲಿ, ರಾಸಾಯನಿಕ ಎಲ್ಲ ಹೊತ್ತು ತಿರುಗದೆ ಗತ್ಯಂತರವಿರಲಿಲ್ಲ. ಇವತ್ತು ಶಿರವಾಳದ ಗುಡಿಗಳನ್ನೋ ಭೀಮೆಯ ದಂಡೆಯ ಸನ್ನತಿಯನ್ನೋ ದಾಖಲಿಸ ಹೊರಟವರಿಗೆ ಆ ಹೊರೆ ಬೇಕಿಲ್ಲ. ಕಲ್ಲು ಅಲುಗಾಡುವುದಿಲ್ಲ, ಕೈ ನಡುಕವನ್ನು ಲೆನ್ಸಿನ ಸ್ಟೆಬಿಲೈಸರ್ ತಡೆದುಕೊಂಡರೆ ಕತ್ತಲ ನವರಂಗದಲ್ಲೂ ಐಎಸ್‌ಒ ಏರಿಸದೆ ನಿಧಾನ ಶಟರಿನಲ್ಲಿ ತೆಗೆಯಬಹುದು. ಎಲ್‌ಎಕ್ಸ್100 ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗುಡಿಯವರು ದೊಡ್ಡ ಕ್ಯಾಮೆರಾ ಕಂಡರೆ ಪರ್ಮಿಷನ್ ಕೇಳುತ್ತಾರೆ, ಸಣ್ಣದನ್ನು ಕಂಡರೆ ಪ್ರಸಾದ ಕೊಡುತ್ತಾರೆ.

ಬ್ಯಾಟರಿಯ ಲೆಕ್ಕ ಮಾತ್ರ ಕಾಂಪ್ಯಾಕ್ಟಿನ ಮರ್ಯಾದೆ ತೆಗೆಯುವಂಥದ್ದು. ಕಂಪನಿಗಳೇ ಕೊಡುವ ಅಳತೆಯಂತೆ ಡಿ3500 ಒಂದು ಚಾರ್ಜಿಗೆ 1,550 ಚಿತ್ರ, ಆರ್‌ಎಕ್ಸ್100ರ ಮೂರನೆಯದು 320, ರಿಕೋ ಜಿಆರ್ 3 ಬರೀ 200. ಎರಡು ಬ್ಯಾಟರಿ ಹೆಚ್ಚಿಗೆ ಇಟ್ಟುಕೊಳ್ಳದೆ ಜಾತ್ರೆಗೆ ಹೋಗಬಾರದು. ಪವರ್ ಬ್ಯಾಂಕಿನಿಂದ ಚಾರ್ಜ್ ಆಗುತ್ತದೆ ಎನ್ನುವುದೊಂದು ಸಮಾಧಾನ.

ಹೊಸದು ಕೊಳ್ಳುವ ಮಾತು ಈಗ ಎರಡೂ ಕಡೆ ಕಷ್ಟವಾಗಿದೆ. ಡಿ3500 ತಯಾರಿಕೆ ನಿಂತಿದೆ, ಕ್ಯಾನನ್-ನಿಕಾನ್ ಇಬ್ಬರ ಗಮನವೂ ಕನ್ನಡಿಯಿಲ್ಲದ ಮಿರರ್‌ಲೆಸ್ ಕಡೆ ಹೊರಳಿದೆ. ಇತ್ತ ಒಂದು ಇಂಚಿನ ಕಾಂಪ್ಯಾಕ್ಟುಗಳ ಹೊಸ ಬೆಲೆ, ಹಿಂದೆ ಎಸ್‌ಎಲ್‌ಆರ್ ಕಿಟ್‌ಗೆ ಕೊಡುತ್ತಿದ್ದ ಬೆಲೆಯನ್ನೂ ಮೀರಿದೆ. 2024ರ ಫ್ಯೂಜಿ ಎಕ್ಸ್100-6 ಅಂತೂ ಲಕ್ಷ ದಾಟಿ ಎಲ್ಲೋ ಹೋಗಿ ನಿಂತಿತು. ಅಷ್ಟು ಕೊಟ್ಟು ಝೂಮ್ ಇಲ್ಲದ ಕ್ಯಾಮೆರಾ ಮನೆಗೆ ತಂದವರು ಹೆಂಡತಿಗೆ ಏನು ಹೇಳುತ್ತಾರೋ ಕಾಣೆ. ಹಾಗಾಗಿ ನನ್ನ ಶಿಫಾರಸು ಸೆಕೆಂಡ್ ಹ್ಯಾಂಡ್. ಕಣ್ಣಿನ ಕಿಂಡಿ ಇರುವ ಆರ್‌ಎಕ್ಸ್100 ಅಥವಾ ಎಲ್‌ಎಕ್ಸ್100, ಹೊಲ-ಕೆರೆಯವರಿಗೆ ಟಿಜಿ. ಮದುವೆ ಸ್ಟುಡಿಯೋ ಇಡುವವರು ಈ ಲೇಖನವನ್ನೇ ಮರೆತು ಎರಡು ಬಾಡಿ, ಮೂರು ಲೆನ್ಸ್ ಕೊಳ್ಳಲಿ.

ಕೊಳ್ಳುವಾಗ ಕ್ಯಾಮೆರಾವನ್ನು ಹತ್ತಾರು ಸಲ ಆನ್-ಆಫ್ ಮಾಡಿ, ಲೆನ್ಸ್ ಹೊರಬರುವ ಸದ್ದು ಕೇಳಿ. ಮರಳು ಅರೆದಂತೆ ಕಿರುಗುಟ್ಟಿದರೆ ಅಲ್ಲೇ ಬಿಡಿ. ಆಮೇಲೆ ಅಪರ್ಚರನ್ನು ಎಫ್ 11ಕ್ಕೆ ಇಳಿಸಿ, ಪೂರ್ತಿ ಝೂಮ್ ಮಾಡಿ, ಸುಣ್ಣ ಬಳಿದ ಗೋಡೆಯದೊಂದು ಚಿತ್ರ ತೆಗೆಯಿರಿ, ಫೋಕಸ್ ಆಗದಿದ್ದರೂ ಪರವಾಗಿಲ್ಲ. ಚಿತ್ರವನ್ನು ಮೂಲೆಯಿಂದ ಮೂಲೆಗೆ ಹಿಗ್ಗಿಸಿ ನೋಡಿ. ಎಲ್ಲಿಯಾದರೂ ಬೂದು ಬಣ್ಣದ ಮಸುಕು ಚುಕ್ಕೆ ಇದ್ದರೆ ಅದು ಗೋಡೆಯದೇ ಎಂದು ಮಾರುವವನು ಆಣೆ ಇಡುತ್ತಾನೆ. ಕ್ಯಾಮೆರಾ ತುಸು ಸರಿಸಿ ಇನ್ನೊಂದು ತೆಗೆಯಿರಿ. ಚುಕ್ಕೆ ಚಿತ್ರದಲ್ಲಿ ಅದೇ ಜಾಗದಲ್ಲಿದ್ದರೆ ಅದು ಸೆನ್ಸರಿನ ಮೇಲಿದೆ. ಅವನು ಎಷ್ಟೇ ಇಳಿಸಿ ಕೊಟ್ಟರೂ ತರಬೇಡಿ.